ಖಾನಾವಳಿ ಅಕ್ಕನ ಎಡಗಾಲು

ಅವಳ ಎಡಗಾಲಿನಲ್ಲಿ, ಮೊಣಕಾಲಿಗಿಂತ ಒಂದು ಗೇಣು ಕೆಳಗೆ, ಒಂದು ತೂತಿತ್ತು. ಅಂಗಿಯ ಗುಂಡಿ ಹಾಕುವ ಕಾಜಿನಷ್ಟು ಸಣ್ಣದು. ವರ್ಷದಲ್ಲಿ ಕೆಲವು ತಿಂಗಳು ಅದು ಮುಚ್ಚಿಕೊಂಡು ಕಪ್ಪಗೆ ಮಿರುಗುತ್ತಿತ್ತು. ಮಿಕ್ಕ ತಿಂಗಳು ಬಾಯಿ ಬಿಟ್ಟು ಕೀವು ಸುರಿಸುತ್ತಿತ್ತು. ಒಮ್ಮೊಮ್ಮೆ ಕೀವಿನ ಜೊತೆ ನುಚ್ಚಿನ ಕಾಳಿನಂಥ ಎಲುಬಿನ ಚೂರು ಹೊರಬರುವುದು. ಅದನ್ನು ಉಗುರಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, ಅಕ್ಕಿಯಲ್ಲಿ ಸಿಕ್ಕ ಹರಳಿನಂತೆ ಆಚೆ ಎಸೆಯುತ್ತಿದ್ದಳು. ಹಳೆಯ ಹತ್ತಿ ಸೀರೆ ಹರಿದು ಪಟ್ಟಿ ಕಟ್ಟಿ, ಅದರ ಮೇಲೆ ಗಂಧದ ಪೌಡರ್ ಧಾರಾಳವಾಗಿ ಸುರಿದುಕೊಂಡು ಆಸ್ಪತ್ರೆಗೆ ಬರುತ್ತಿದ್ದಳು. ಬೆಂಚಿನಲ್ಲಿ ಕಿಟಕಿಯ ಪಕ್ಕದ ತುದಿ ಅವಳದು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ಕೂಡುತ್ತಿದ್ದಳು.

"ಎಷ್ಟ ಪೌಡರ್ ಹಾಕಿದ್ರೂ ನಾರತದ, ನನಗ ಗೊತ್ತದ," ಅಂದಳು ಮೊದಲ ದಿನ, ನನ್ನ ಸೆರಗು ಮೂಗಿನ ಹತ್ತಿರ ಹೋದದ್ದನ್ನು ಕಂಡು. "ಮುಚ್ಚಿಕೋರಿ ಮೂಗು, ನಾಚಬ್ಯಾಡ್ರಿ. ಗಂಡನೇ ಈ ವಾಸನಿಗೆ ಬಿಟ್ಟು ಹೋದ. ನೀವಂತೂ ಹೊರಗಿನವ್ರು."

ನಾನು ನನ್ನ ಗಂಡನ ಜೊತೆ ಕನ್ನಡದಲ್ಲಿ ಮಾತಾಡಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಪುಣೆಯ ಆಸ್ಪತ್ರೆಯೊಂದರ ಆ ಉದ್ದನೆಯ ಪಡಸಾಲೆಯಲ್ಲಿ ಆ ದಿನ ಕನ್ನಡ ಬರುವವರು ನಾವು ಮೂವರೇ. ಅವಳು ಬೈಲಹೊಂಗಲದ ಕಡೆಯವಳು. ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಕೆಳಗಿನ ಎರಡು ಖೋಲಿಗಳಲ್ಲಿ ಖಾನಾವಳಿ ನಡೆಸುತ್ತಿದ್ದಳು. ಬೆಳಗಾವಿ, ವಿಜಯಪುರದ ಕಡೆಯಿಂದ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು ಜೋಳದ ರೊಟ್ಟಿ, ಬದನೆಕಾಯಿ ಪಲ್ಯಕ್ಕಾಗಿ ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಎಲ್ಲರೂ ಅಕ್ಕ ಅನ್ನುತ್ತಿದ್ದರು. ನಾನೂ ಅಕ್ಕ ಅಂದೆ.

ನಾನು ಧಾರವಾಡದವಳು, ಪುಣೆಯ ವಾಕಡದಲ್ಲಿ ಮನೆ, ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ. ಮದುವೆಯಾದ ಮರುವರ್ಷವೇ ಕೀಲುವಾತ ಹಿಡಿಯಿತು. ಕೈಬೆರಳುಗಳು ಒಂದೊಂದಾಗಿ ಸೊಟ್ಟಗಾದವು. ಅದಕ್ಕೆ ಹೊಂದಿಕೊಂಡು ಬದುಕಲು ಕಲಿತೆ ಅನ್ನುವಾಗ ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿಕೊಳ್ಳತೊಡಗಿತು. ಮೂತ್ರದಲ್ಲಿ ಸೋಪಿನ ನೊರೆಯಂಥ ನೊರೆ. ನನ್ನ ಡಾಕ್ಟರು ಆ ಆಸ್ಪತ್ರೆಯ ಅಧ್ಯಯನವೊಂದಕ್ಕೆ ನನ್ನನ್ನು ಕಳಿಸಿದರು. ಹಳೆಯ ಸೋಂಕು ಮೈಯಲ್ಲಿ ಉಳಿದವರು, ಕೀಲುವಾತದಂಥ ರೋಗದವರು, ಇವರಿಗೆ ವರ್ಷಗಳ ಮೇಲೆ ಮೂತ್ರಪಿಂಡ, ಹೃದಯಕ್ಕೆ ಏನಾಗುತ್ತದೆ ಎಂದು ಅವರು ಹುಡುಕುತ್ತಿದ್ದರು. ಹೀಗೆ ನಾನು ನನ್ನ ಬೆರಳಿನಿಂದಲೂ ಅವಳು ಅವಳ ಕಾಲಿನಿಂದಲೂ ಒಂದೇ ಬೆಂಚಿಗೆ ಬಂದು ಸೇರಿದೆವು.

ಅವಳ ಕಾಲಿನ ಕಥೆಯನ್ನು ಅವಳೇ ಹೇಳಿದಳು. ಹುಡುಗಿಯಾಗಿದ್ದಾಗ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಎಲುಬು ಮುರಿದು ಹೊರಗೆ ಬಂದಿತ್ತು. ಊರಲ್ಲಿ ಎಲುಬು ಕೂಡಿಸುವವನು ಅದನ್ನು ಒಳಗೆ ತಳ್ಳಿ, ಸೊಪ್ಪು ಹಚ್ಚಿ, ಬಿದಿರು ಕಟ್ಟಿದ. ಎಲುಬು ಕೂಡಿತು, ಕೀವು ಒಳಗೇ ಉಳಿಯಿತು. ಆಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಕೊರೆದು ಕೆರೆದು ತೊಳೆದರು. ತೊಳೆದಾಗ ಕೆಲವು ದಿನ ಸುಮ್ಮನಿದ್ದು ಮತ್ತೆ ಬಾಯಿ ಬಿಡುತ್ತಿತ್ತು. ಮಗಳು ಹುಟ್ಟಿದ ಮೇಲೆ ಗಂಡ ಬೇರೆ ಮನೆ ಮಾಡಿದ. ಇವಳು ಕೂಸನ್ನು ಕಟ್ಟಿಕೊಂಡು ಪುಣೆಗೆ ಬಂದು ಇನ್ನೊಬ್ಬರ ಖಾನಾವಳಿಯಲ್ಲಿ ರೊಟ್ಟಿ ಬಡಿದು, ಕೊನೆಗೆ ಸ್ವಂತದ್ದು ತೆರೆದಳು. ಅಷ್ಟು ವರ್ಷವೂ ಆ ಕಾಲಿನ ಮೇಲೇ ಒಲೆಯ ಮುಂದೆ ನಿಂತಳು.

ಒಳ್ಳೆಯ ಮಾತಿನ ಹೆಂಗಸಲ್ಲ. ಇದನ್ನು ಮುಚ್ಚಿಟ್ಟು ಅವಳ ಚಿತ್ರ ಬರೆದರೆ ಅದು ಅವಳ ಚಿತ್ರವಾಗುವುದಿಲ್ಲ. ಮೊದಲ ದಿನವೇ ನನ್ನ ಗಂಡನನ್ನು ಮೇಲಿನಿಂದ ಕೆಳಗಿನತನಕ ನೋಡಿ, ಅವನಿಗೆ ಕೇಳುವಂತೆಯೇ ಹೇಳಿದಳು: "ಚೊಲೋ ಅದಾನ. ಇನ್ನೊಂದು ವರ್ಷ ಜೋಡಿ ಬರ್ತಾನ. ಆಮ್ಯಾಲ ರಿಕ್ಷಾ ಹತ್ತಿಸಿ ಕಳಸ್ತಾನ. ಅದರ ಮುಂದ, ರಿಕ್ಷಾ ನೀವ ನೋಡಿಕೋರಿ. ಕೆಟ್ಟವ್ರು ಇರೂದಿಲ್ರಿ ಗಂಡಸರು, ಬ್ಯಾಸರಾಗತದ ಅವರಿಗೆ." ಅವನ ಮುಖ ಕೆಂಪಗಾಯಿತು. ಮನೆಗೆ ಬಂದು ಆ ಹೆಂಗಸಿನ ಪಕ್ಕ ಕೂಡಬೇಡ ಅಂದ. ಆದರೆ ಅವಳು ಹೇಳಿದ ಕ್ರಮದಲ್ಲಿಯೇ ಎಲ್ಲ ನಡೆಯಿತು. ಅವನು ಈಗಲೂ ಒಳ್ಳೆಯವನೇ.

ಖಾನಾವಳಿಯಲ್ಲಿ ಮೂರನೇ ಸಲ ಪರೀಕ್ಷೆಯಲ್ಲಿ ಫೇಲಾದ ಹುಡುಗನೊಬ್ಬನ ತಾಟಿಗೆ ರೊಟ್ಟಿ ಹಾಕುತ್ತ, ಎಲ್ಲರ ಎದುರಿಗೆ, "ನಿನ್ನ ತಲಿ ಇದಕ್ಕಲ್ಲ. ಊರಿಗೆ ಹೋಗು, ಬ್ಯಾರೆ ಏನರ ಮಾಡು," ಅಂದಳಂತೆ. ಹುಡುಗ ತಾಟು ಬಿಟ್ಟು ಎದ್ದು ಹೋದವನು ಮತ್ತೆ ಬರಲಿಲ್ಲ. ಊರಿಗೆ ಹೋದನೋ, ಏನಾದನೋ, ಯಾರಿಗೂ ಗೊತ್ತಿಲ್ಲ. ನಾನು ಕೇಳಿದಾಗ ಅವಳೂ ಗೊತ್ತಿಲ್ಲ ಅಂದಳು. ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

ಇನ್ನೊಮ್ಮೆ ಬೆಂಚಿಗೆ ಹೊಸದಾಗಿ ಬಂದ ಮರಾಠಿ ಸೊಸೆಯೊಬ್ಬಳು, ಇನ್ನೂ ಮದುವೆಯ ಹಸಿರು ಬಳೆ ತೆಗೆಯದವಳು, ನಮ್ಮಿಬ್ಬರನ್ನು ನೋಡಿ, ಇದು ವಾಸಿಯಾಗುತ್ತದಲ್ಲವೇ ಎಂದು ಕೇಳಿದಳು. ನಾನು ಹೌದು ಅನ್ನಲು ಬಾಯಿ ತೆರೆಯುವ ಮುಂಚೆ ಅಕ್ಕ ಮರಾಠಿಯಲ್ಲೇ ಹೇಳಿಬಿಟ್ಟಳು, ವಾಸಿಯಾಗುವಂತಿದ್ದರೆ ಇವರು ಅಧ್ಯಯನ ಯಾಕೆ ಮಾಡುತ್ತಿದ್ದರು ಎಂದು. ಆ ಹುಡುಗಿ ಬಾತ್‌ರೂಮಿಗೆ ಹೋಗಿ ಅತ್ತು ಬಂದಳು. ನಾನು ಸಿಟ್ಟಿನಿಂದ, "ಒಂದು ಸುಳ್ಳು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ?" ಅಂದೆ.

"ನನ್ನ ಕಾಲಿಗೂ ಹಂಗ ಹೇಳಿದ್ರು. ನಾಕ ದಿನಾ ತಡಿ, ತಾನ ಮುಚ್ಚಿಕೋತದ ಅಂತ. ಹೇಳಿದವರೆಲ್ಲಾ ಭಾಳ ಒಳ್ಳೆ ಮಂದಿ," ಅಂದಳು. ಆಮೇಲೆ ಚೀಲದಿಂದ ರೊಟ್ಟಿ ತೆಗೆದು ಅರ್ಧ ಮುರಿದು ನನ್ನ ಕೈಗೆ ಕೊಟ್ಟಳು. ನನ್ನ ಬೆರಳಿಗೆ ಮುರಿಯಲು ಆಗುವುದಿಲ್ಲ ಎಂದು ಅವಳೇ ತುತ್ತು ತುತ್ತಾಗಿ ಮುರಿದಿದ್ದಳು.

ಆ ಅಧ್ಯಯನದಲ್ಲಿ ನಮ್ಮೆಲ್ಲರ ಹೊಟ್ಟೆಯ ಚರ್ಮದ ಕೆಳಗಿಂದ ಸೂಜಿ ಹಾಕಿ ಒಂದು ಚಿಟಿಕೆ ಕೊಬ್ಬು ತೆಗೆದರು. ಅದಕ್ಕೆ ಕೆಂಪು ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ನೋಡುತ್ತಾರೆ, ಹಸಿರಾಗಿ ಹೊಳೆದರೆ ರೋಗ ಕೂತಿದೆ ಎಂದು ಅರ್ಥ. ಸೂಜಿ ಹಾಕಿಸಿಕೊಂಡು ಹೊರಬಂದ ಅಕ್ಕ ನಗುತ್ತಿದ್ದಳು. "ಇಕಿಗೆ ಕೊಬ್ಬು ಭಾಳ ಅದ ಅಂತ ನಮ್ಮತ್ತಿ ಊರ ತುಂಬ ಹೇಳ್ಕೋತ ತಿರಗತಿದ್ಲು. ಇವತ್ತ ಡಾಕ್ಟರ್ರು ಸೂಜಿ ಹಾಕಿ ತಗದು ನೋಡಾಕತ್ತಾರ."

ನಮ್ಮಿಬ್ಬರ ಕೊಬ್ಬೂ ಹಸಿರಾಗಿ ಹೊಳೆಯಿತು.

ಅಧ್ಯಯನದ ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿ ಹೆಂಗಸು. ನಮ್ಮನ್ನು ಒಟ್ಟಿಗೇ ಕೂರಿಸಿ ನಿಧಾನವಾಗಿ ತಿಳಿಸಿದರು. ಮೈಯೊಳಗೆ ಎಲ್ಲಿಯಾದರೂ ಉರಿ ವರ್ಷಗಟ್ಟಲೆ ಆರದೆ ಉಳಿದರೆ, ಅದು ಕೀಲಿನದಾಗಲಿ ಕೀವಿನದಾಗಲಿ, ಯಕೃತ್ತು ಒಂದು ಬಗೆಯ ಪ್ರೋಟೀನನ್ನು ಸುರಿಸುತ್ತಲೇ ಇರುತ್ತದೆ. ಅದರ ಒಂದಷ್ಟು ಪಾಲು ಕರಗದೆ ಮೂತ್ರಪಿಂಡದಲ್ಲಿ ಮೇಣದಂತೆ ಹೋಗಿ ಕೂರುತ್ತದೆ. ಉರಿಯನ್ನು ಆರಿಸಿದರೆ ಮೇಣ ಬೀಳುವುದು ನಿಲ್ಲುತ್ತದೆ. ನನ್ನ ಉರಿಯನ್ನು ಆರಿಸಲು ಹೊಸ ಇಂಜೆಕ್ಷನ್ ಇತ್ತು. ಅದೇ ಇಂಜೆಕ್ಷನ್ ಅಕ್ಕನಿಗೆ ಕೊಡುವಂತಿರಲಿಲ್ಲ. ಅದು ಮೈಯ ಕಾವಲನ್ನೇ ಕುಗ್ಗಿಸುತ್ತದೆ, ಕೀವು ಇರುವವರಿಗೆ ಕೊಟ್ಟರೆ ಸೋಂಕು ರಕ್ತಕ್ಕೆ ಹಬ್ಬಿ ಕೊಲ್ಲುತ್ತದೆ. ಅವಳ ಉರಿ ಇದ್ದದ್ದು ಎಲುಬಿನ ಒಳಗೆ. ಮಾತ್ರೆಗಳಿಗೆ ಅದು ಬಗ್ಗುವ ಕಾಲ ಎಂದೋ ಮುಗಿದಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು, ಆದಷ್ಟು ಬೇಗ ತೆಗೆಯಬೇಕು ಅಂದರು.

ಅಕ್ಕ ತನ್ನ ಕಾಲನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರ ನಿನಗ ಇಂಜೆಕ್ಷನ್, ನನಗ ಗರಗಸ," ಅಂದಳು. ಅಲ್ಲಿಯವರೆಗೆ ಬಹುವಚನದಲ್ಲಿ ಕರೆಯುತ್ತಿದ್ದವಳು ಅಂದಿನಿಂದ ಏಕವಚನಕ್ಕೆ ಇಳಿದಳು. ಹತ್ತಿರವಾದದ್ದಕ್ಕೋ, ಹೊಟ್ಟೆಕಿಚ್ಚಿಗೋ, ಎರಡಕ್ಕೂ ಇರಬೇಕು.

ಮುಂದಿನ ಸಲ ಅವಳು ನನ್ನ ಪಕ್ಕ ಕೂಡಲಿಲ್ಲ. ಎದುರು ಬೆಂಚಿನಲ್ಲಿ ಕೂತು ನನ್ನ ಪಾದಗಳನ್ನೇ ದಿಟ್ಟಿಸುತ್ತಿದ್ದಳು. ಇಂಜೆಕ್ಷನ್ ಶುರುವಾಗಿ ನನ್ನ ಬಾವು ಇಳಿಯತೊಡಗಿತ್ತು, ಹಳೆಯ ಚಪ್ಪಲಿ ಮತ್ತೆ ಹಿಡಿಸುತ್ತಿತ್ತು. ಕೊನೆಗೆ ಎದ್ದು ಬಂದಳು. ಕೇಳದೆಯೇ ನನ್ನ ಸೀರೆಯ ಅಂಚನ್ನು ಸರಿಸಿ ಕಣಕಾಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬೀಳಲಿಲ್ಲ. ಆಮೇಲೆ ತನ್ನ ಬಲಗಾಲನ್ನು, ಅಂದರೆ ಒಳ್ಳೆಯ ಕಾಲನ್ನು, ಒತ್ತಿ ತೋರಿಸಿದಳು. ನಾದಿದ ಕಣಕದಲ್ಲಿ ಬೆರಳಿಟ್ಟಂತೆ ಗುಳಿ ಹಾಗೇ ಉಳಿಯಿತು.

"ದೇವರು ಎಷ್ಟ ಚಂದ ಆರಿಸ್ಯಾನ ನೋಡು," ಅಂದಳು. "ಮಕ್ಕಳಿಲ್ಲದಾಕಿಗೆ ಔಷಧ. ಮಗಳಿದ್ದಾಕಿಗೆ ಇಲ್ಲ."

ಔಷಧಿಗಳ ದೆಸೆಯಿಂದ ಮಕ್ಕಳು ಬೇಡ ಎಂದು ಡಾಕ್ಟರು ನನಗೆ ಹೇಳಿದ್ದನ್ನು ಅವಳೊಬ್ಬಳಿಗೇ ನಾನು ತಿಳಿಸಿದ್ದೆ. ಆ ದಿನ ಅವಳೊಡನೆ ಮತ್ತೆ ಮಾತಾಡಬಾರದು ಅಂದುಕೊಂಡು ಮನೆಗೆ ಹೋದೆ.

ಆದರೆ ಡಾಕ್ಟರೇ ನನಗೆ ಫೋನ್ ಮಾಡಿದರು. ಶಸ್ತ್ರಚಿಕಿತ್ಸೆಯ ಮಾತು ಎತ್ತಿದರೆ ಅವಳು ನಗೆಯಾಡಿ ಎದ್ದು ಹೋಗುತ್ತಾಳೆ, ಮೂತ್ರಪಿಂಡ ಇನ್ನೂ ಅರ್ಧ ಉಳಿದಿದೆ, ನಿಮ್ಮ ಮಾತು ಕೇಳಬಹುದು, "ತುಮ್ಹೀ ಸಾಂಗಾ ತ್ಯಾಂನಾ," ನೀವೇ ಹೇಳಿ ನೋಡಿ ಅಂದರು. ಒಂದು ರವಿವಾರ ಮಧ್ಯಾಹ್ನ ಸದಾಶಿವ ಪೇಠೆಗೆ ಹೋದೆ. ಊಟದವರು ಎದ್ದು ಹೋಗಿದ್ದರು. ಅಕ್ಕ ಪರಾತದಲ್ಲಿ ಹಿಟ್ಟು ಕೂಡಿಸುತ್ತ ನೆಲದ ಮೇಲೆ ಕೂತಿದ್ದಳು. ಮಗಳು ತಾಟು ಒರೆಸುತ್ತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಚುರುಕು ಹುಡುಗಿ. ಕೊಂಢವಾದಲ್ಲಿ ವ್ಯಾಪಾರ ಮಾಡುವ ನಿಪ್ಪಾಣಿ ಕಡೆಯ ಮನೆತನಕ್ಕೆ ಅವಳನ್ನು ಕೊಡುವುದೆಂದು ಆಗಷ್ಟೇ ಮಾತಾಗಿತ್ತು. ಲಗ್ನ ದೀಪಾವಳಿ ಕಳೆದ ಮೇಲೆ. ಬೀಗರಿಗೆ ಅಕ್ಕನ ಕಾಲು ಉಳುಕಿದೆ ಎಂದು ಹೇಳಿದ್ದರು.

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ತಡಮಾಡಿದರೆ ಕಾಲು ತೆಗೆದೂ ಉಪಯೋಗವಿಲ್ಲ ಅನ್ನುವುದನ್ನೂ ಹೇಳಿದೆ. ಅಕ್ಕ ಹಿಟ್ಟು ನಾದುತ್ತಲೇ ಇದ್ದಳು. ಮಾತಾಡಿದವಳು ಮಗಳು.

"ಲಗ್ನ ಆಗೂತನಾ ತಡೀಲಿ ಅವ್ವ. ಇಷ್ಟ ವರ್ಷ ತಡದಾಳ, ಇನ್ನ ನಾಕ ತಿಂಗಳಿಗೆ ಏನಾಗತದ? ಈಗ ಕಾಲು ಕತ್ತರಿಸಿದ್ರ ಅವರು ಏನಂತಾರ? ಇದು ಮನಿತನದ ರೋಗ, ನಾಳೆ ಹುಡುಗಿಗೂ ಬರತದ ಅಂತಾರ್ರಿ. ಮಾತ ಮುರೀತದ."

"ಇದು ಹಂಗ ಬರೂ ರೋಗ ಅಲ್ಲ ಯವ್ವಾ. ನಾ ಬೇಕಾದ್ರ ಡಾಕ್ಟರ್ ಕಡೆಯಿಂದ ಅವರಿಗೆ ಹೇಳಸ್ತೀನಿ."

"ನೀವು ಏನೂ ಹೇಳಸಬ್ಯಾಡ್ರಿ," ಅಂದಳು ಹುಡುಗಿ. "ನಿಮಗ ಲಗ್ನ ಮಾಡೂ ಮಗಳಿಲ್ಲ, ನಿಮಗ ತಿಳೀದಿಲ್ಲ ಇದು."

ನಾನು ಅಕ್ಕನ ಮುಖ ನೋಡಿದೆ. ಯಾರು ಏನಂದರೂ ಎರಡರಷ್ಟು ತಿರುಗಿಸಿ ಕೊಡುವ ಬಾಯಿ ಅದು. ಮಗಳಿಗೆ ಒಂದು ಮಾತೂ ಹೇಳಲಿಲ್ಲ. "ಆಕಿಗೆ ಊಟಕ್ಕ ಹಾಕು. ಇಷ್ಟು ದೂರ ಬಂದಾಳ, ಉಂಡು ಹೋಗ್ಲಿ," ಅಂದಳು ಅಷ್ಟೇ.

ವಾಡೆಯ ಬಾಗಿಲಿನತನಕ ಗೋಡೆ ಹಿಡಿದು ಕುಂಟುತ್ತ ಬಂದಳು. "ಊರಿಗೆಲ್ಲ ಇದ್ದದ್ದು ಇದ್ದಂಗ ಹೇಳೀನಿ. ಇಕಿಗೊಬ್ಬಾಕಿಗೆ ಹೇಳೂದು ಆಗವಲ್ದು ನನಗ. ಹೋಗು. ಡಾಕ್ಟರಬಾಯಿಗೆ ಹೇಳು, ಲಗ್ನ ಮುಗಿಸಿಕೊಂಡು ಬಂದು ನಾನ ಟೇಬಲ್ ಮ್ಯಾಲ ಮಲಕೋತೀನಿ ಅಂತ."

"ಅಷ್ಟೊತ್ತಿಗೆ ತಡ ಆಗಿರತದ ಅಕ್ಕಾ."

"ಆಗ್ಲಿ. ಆಕಿ ಲಗ್ನದಾಗ ನಾ ಎರಡ ಕಾಲ ಮ್ಯಾಲ ನಿಂತು ಬಡಸಬೇಕು. ನೋಡ್ಲಿ ಎಲ್ಲಾರೂ."

ನಿಂತು ಬಡಿಸಿದಳು. ಕೊಂಢವಾದ ಮಂಗಲ ಕಾರ್ಯಾಲಯದಲ್ಲಿ ಬೆಳಗಿನಿಂದ ಸಂಜೆತನಕ ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ಓಡಾಡಿದಳು. ಹಸಿರು ರೇಷ್ಮೆ ಸೀರೆ, ಅದರ ಕೆಳಗೆ ಎರಡು ಪದರ ಪಟ್ಟಿ, ಮೈಗೆಲ್ಲ ಅತ್ತರು. ಮುಖ ಊದಿ ಗುರುತು ಸಿಗದಂತಾಗಿತ್ತು. ಬೀಗಿತ್ತಿ, "ನಿಮ್ಮ ಕಾಲಿನ ಉಳುಕು ಇನ್ನೂ ಹೋಗಿಲ್ಲೇನ್ರಿ?" ಅಂದಾಗ, "ಹೋಗತದ್ರಿ, ಇನ್ನ ನಾಕ ದಿನದಾಗ ಪೂರಾ ಹೋಗತದ," ಅಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಮಗಳು ಗಂಡನ ಮನೆಗೆ ಹೋದ ಮರುವಾರ ಕಾಲು ತೆಗೆದರು. ಬೀಗರಿಗೆ, ಗಾಯಕ್ಕೆ ನಂಜಾಗಿತ್ತು, ಅವಸರದಲ್ಲಿ ತೆಗೆಯಬೇಕಾಯಿತು ಎಂದು ಹೇಳಿದರು. ಕತ್ತರಿಸಿದ ಜಾಗ ಬೇಗ ಮಾಯಲಿಲ್ಲ. ಮೈಯಲ್ಲಿ ಮಾಯುವ ಶಕ್ತಿ ಉಳಿದಿರಲಿಲ್ಲ. ನೋಡಲು ಹೋದಾಗ ಹಾಸಿಗೆಯ ಖಾಲಿ ಜಾಗವನ್ನು ಕೆರೆಯುತ್ತಿದ್ದಳು. "ಇದ್ದಾಗ ನಾರಿತು. ಹೋದಮ್ಯಾಲ ಕೆರಿಯಾಕತ್ತದ. ಇಂಥ ಹಟಮಾರಿ ಕಾಲು ನೋಡೀಯೇನು ಎಲ್ಲೆರೆ?" ಅಂದಳು. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದಳು: "ವಾಸನಿ ಹೋತು ನೋಡು. ಇಷ್ಟ ವರ್ಷದ ಮ್ಯಾಲ ನನ್ನ ಮೈ ನನಗ ನಾರವಲ್ದು."

ಆ ಸಂತೋಷ ಅವಳಿಗೆ ಹೆಚ್ಚು ದಿನ ಸಿಗಲಿಲ್ಲ. ಬೇಸಿಗೆಯ ಹೊತ್ತಿಗೆ ಮೂತ್ರಪಿಂಡಗಳು ಪೂರ್ತಿ ನಿಂತವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಖಾನಾವಳಿ ಮುಚ್ಚಿತು. ಮಗಳು ಬರುತ್ತಿದ್ದಳು, ಆದರೆ ಅವಳು ಬಸುರಿ, ಅತ್ತೆಮನೆಯವರು ಆಸ್ಪತ್ರೆಗೆ ಕಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಹೀಗಾಗಿ ಬಹಳ ದಿನ ಪಕ್ಕದಲ್ಲಿ ಕೂತಿರುತ್ತಿದ್ದವಳು ನಾನು. ಅಂಥ ಒಂದು ದಿನ ಅಧ್ಯಯನದ ಡಾಕ್ಟರು ರಕ್ತ ತೆಗೆಯಲು ಬಂದರು. ಅಕ್ಕ ಅವರ ಕೈ ಹಿಡಿದು ಮರಾಠಿಯಲ್ಲಿ ಕೇಳಿದಳು, ನೀವು ಹೇಳಿದಾಗಲೇ ಕಾಲು ಕೊಟ್ಟಿದ್ದರೆ ನಾನು ಉಳಿಯುತ್ತಿದ್ದೆನೇ ಎಂದು.

ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಖಚಿತವಾಗಿ ಯಾರೂ ಹೇಳಲಾರರು ಎಂದು ಅವರು ಶುರು ಮಾಡಿದರು. ಅಕ್ಕ ಕೈ ಬಿಡಲಿಲ್ಲ. ಕೊನೆಗೆ ಅವರು, ಹೌದು, ಬಹಳ ಮಟ್ಟಿಗೆ ಉಳಿಯುತ್ತಿದ್ದಿರಿ, ಮೂತ್ರಪಿಂಡ ಕೆಟ್ಟದ್ದು ಆ ಕೆಲವು ತಿಂಗಳಲ್ಲಿಯೇ ಅಂದರು. ಅವಳು ಥ್ಯಾಂಕ್ಸ್ ಹೇಳಿ ರಕ್ತಕ್ಕೆ ತೋಳು ಚಾಚಿದಳು.

ಡಾಕ್ಟರು ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು. "ಕೇಳಿದ್ಯಲ್ಲ? ಇದು ನಮ್ಮ ಹುಡುಗಿ ಕಿವಿಗೆ ಬೀಳಬಾರದು. ಬಿದ್ರ, ಸತ್ತಮ್ಯಾಲೂ ಬಂದು ನಿನ್ನ ನಾಲಗಿ ಕೀಳ್ತೀನಿ."

"ನಾ ಯಾಕ ಹೇಳ್ಲಿ ಅಕ್ಕಾ?"

"ಹೇಳೂ ಹೊತ್ತು ಬರತದ. ಆಕಿ ನನ್ನ ಮಗಳು. ಆಕಿ ಬಾಯಿ ನಿನಗ ಇನ್ನೂ ಗೊತ್ತಿಲ್ಲ."

ಮಳೆಗಾಲದ ಮಧ್ಯದಲ್ಲಿ, ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಹಾಕಿದ ನಳಿಕೆಯಿಂದ ರಕ್ತಕ್ಕೆ ಸೋಂಕು ತಗುಲಿ ಚಳಿಜ್ವರ ಬಂತು. ಎರಡು ದಿನ ನರಳಿ ಸತ್ತಳು. ಕೊನೆಯ ಹೊತ್ತಿಗೆ ಮಾತಿರಲಿಲ್ಲ. ಮಗಳ ಎದುರಿಗೆ ಬಿಟ್ಟರೆ ಆ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹದಿಮೂರನೆಯ ದಿನದ ಊಟಕ್ಕೆ ವಾಡೆಗೆ ಹೋದೆ. ಹಳೆಯ ವಿದ್ಯಾರ್ಥಿಗಳು, ಅಕ್ಕಪಕ್ಕದವರು, ಕೊಂಢವಾದ ಬೀಗರು, ಎಲ್ಲರೂ ಇದ್ದರು. ನಾನು ಪಂಕ್ತಿಯಲ್ಲಿ ಕೂತ ಕೂಡಲೇ ಮಗಳು ಎದುರಿಗೆ ಬಂದು ನಿಂತಳು. ತುಂಬಿದ ಬಸುರಿ, ಅತ್ತು ಅತ್ತು ಕಣ್ಣು ಕೆಂಪಗಾಗಿತ್ತು.

"ನೀವು ಏಳ್ರಿ," ಅಂದಳು. "ನಮ್ಮ ಮನ್ಯಾಗ ನೀವು ಉಣ್ಣಬ್ಯಾಡ್ರಿ. ಎರಡ ಕಾಲ ಮ್ಯಾಲ ನಿಂತು ನನ್ನ ಲಗ್ನ ಮಾಡಿದಾಕಿ ನಮ್ಮವ್ವ. ಆ ಕಾಲು ಕತ್ತರಿಸಿದ ಮ್ಯಾಲ ಆಕಿ ಏಳಲೇ ಇಲ್ಲ. ಕತ್ತರಿಸಿರಿ ಕತ್ತರಿಸಿರಿ ಅಂತ ಮನೀತನಕ ಬಂದವ್ರು ನೀವು. ನಿಮಗ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡ್ರು, ನಮ್ಮವ್ವನ ಮ್ಯಾಲ ಪ್ರಯೋಗ ಮಾಡಿ ಕೊಂದ್ರು. ಅವರ ದಲ್ಲಾಳಿ ನೀವು."

ಪಂಕ್ತಿಯಲ್ಲಿ ಕೂತವರ ಕೈ ತಾಟಿನ ಮೇಲೆಯೇ ನಿಂತಿತು. ಅವಳ ಅತ್ತೆ ನನ್ನನ್ನು ದಿಟ್ಟಿಸುತ್ತಿದ್ದಳು. ನನ್ನ ಬಾಯಿಗೆ ಒಂದು ವಾಕ್ಯ ಬಂದಿತ್ತು. ಚಿಕ್ಕ ವಾಕ್ಯ, ನಿಜವಾದದ್ದು. ಅದನ್ನು ಆಡಿದ್ದರೆ ಆ ಹುಡುಗಿ ಅಲ್ಲೇ ಕುಸಿಯುತ್ತಿದ್ದಳು, ಬದುಕಿರುವತನಕ ಮತ್ತೆ ಏಳುತ್ತಿರಲಿಲ್ಲ. ಆಡಬೇಕು ಅನ್ನಿಸಿತು. ನಿಮಗೆ ಮಗಳಿಲ್ಲ ಎಂದಿದ್ದಳಲ್ಲ, ಅದಕ್ಕಾದರೂ ಆಡಬೇಕು ಅನ್ನಿಸಿತು.

"ಹೌದವಾ," ಅಂದೆ. "ನಾ ಹೇಳಬಾರದಿತ್ತು. ತಪ್ಪಾತು."

ಎದ್ದು ಬಂದೆ. ಹಿಂದಿನಿಂದ ಯಾರೋ ಒಬ್ಬ ಹುಡುಗ ನನ್ನನ್ನು ಬೈದದ್ದು ಕೇಳಿಸಿತು.

ಅಧ್ಯಯನ ಇನ್ನೂ ನಡೆದಿದೆ. ನನ್ನ ಮೂತ್ರಪಿಂಡಗಳು ಇದ್ದ ಮಟ್ಟದಲ್ಲಿ ಉಳಿದಿವೆ. ನನ್ನನ್ನು ಪರೀಕ್ಷಿಸುವ ಯಾವ ಡಾಕ್ಟರನ್ನೂ ಈಗ ನಾನು, ಮುಂದೇನು, ಎಷ್ಟು ದಿನ, ಸುಳ್ಳು ಬೇಡ ಎಂದು ನೇರವಾಗಿ ಕೇಳುತ್ತೇನೆ. ಹಾಗೆ ಕೇಳುವುದನ್ನು ನನಗೆ ಕಲಿಸಿದವಳು ಅವಳು. ನನ್ನಂಥ ಮೆತ್ತಗಿನವಳಿಗೆ ಅದು ದೊಡ್ಡ ಆಸ್ತಿ.

ಮಗಳಿಗೆ ಹೆಣ್ಣು ಕೂಸಾಯಿತು. ಅವಳು ಮತ್ತೆ ಕನ್ನಡಕದ ಅಂಗಡಿಗೆ ಹೋಗುತ್ತಾಳೆ. ಬ್ಯಾಂಕಿನ ಕೆಲಸಕ್ಕೆ ಪೇಠೆಯ ಕಡೆ ಹೋದಾಗ ಕೆಲವೊಮ್ಮೆ ಎದುರಾಗುತ್ತಾಳೆ. ಮೊದಮೊದಲು ನನ್ನನ್ನು ಕಂಡ ಕೂಡಲೇ ಮುಖ ತಿರುಗಿಸಿ, ಕೂಸನ್ನು ಎತ್ತಿಕೊಂಡು, ಸ್ಕೂಟರ್ ರಿಕ್ಷಾಗಳ ನಡುವೆ ನುಗ್ಗಿ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಒಮ್ಮೆ ಒಂದು ರಿಕ್ಷಾ ಅವಳ ಮೈಗೆ ತಾಗಿಯೇಬಿಟ್ಟಿತು ಅನ್ನುವಷ್ಟು ಹತ್ತಿರ ಬಂದು ನಿಂತಿತು. ಅಂದಿನಿಂದ ದೂರದಲ್ಲಿ ಅವಳನ್ನು ಕಂಡರೆ ಸಾಕು, ಅವಳು ನೋಡುವ ಮೊದಲೇ ನಾನೇ ರಸ್ತೆ ದಾಟಿಬಿಡುತ್ತೇನೆ.